ಬ್ರೌನ್ಸಿ ದ್ವೀಪಕ್ಕೆ ಹೋಗುವವರು ಒಂದು ಹಗ್ಗ ಇಟ್ಟುಕೊಂಡು ಹೋಗಿ

ನನ್ನ ಮಗಳು ಇರುವುದು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ. ಈ ಬೇಸಿಗೆಗೆ ಅವಳ ಮನೆಗೆ ಬಂದಾಗ ಲಂಡನ್ ತೋರಿಸ್ತೀನಿ, ಅರಮನೆ ತೋರಿಸ್ತೀನಿ ಅಂದಳು. ಅವೆಲ್ಲ ಆಮೇಲೆ, ಮೊದಲು ಬ್ರೌನ್ಸಿ ಅಂದೆ ನಾನು. ಸ್ಕೌಟ್ ಚಳವಳಿ ಹುಟ್ಟಿದ ದ್ವೀಪ ಅದು. ದಾವಣಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ 31 ವರ್ಷ ಪಾಠ ಮಾಡಿದವಳು ನಾನು. ಅದರಲ್ಲಿ 26 ವರ್ಷ ಗೈಡ್ ಕ್ಯಾಪ್ಟನ್, ಅಂದರೆ ಹುಡುಗಿಯರ ಗೈಡ್ ದಳವನ್ನು ನಡೆಸುವವಳು. ಪ್ರತಿ ವರ್ಷ ಜೂನ್‌ನಲ್ಲಿ ಹೊಸ ಮಕ್ಕಳನ್ನು ಕೂರಿಸಿಕೊಂಡು "1907, ಬ್ರೌನ್ಸಿ ದ್ವೀಪ, 20 ಹುಡುಗರು" ಅಂತ ಬೋರ್ಡಿನ ಮೇಲೆ ಬರೆದಿದ್ದೇನೆ. ಬರೆದೂ ಬರೆದೂ ಆ ಜಾಗ ನಮ್ಮ ಪಕ್ಕದೂರು ಅನ್ನಿಸುವಷ್ಟು ಹತ್ತಿರವಾಗಿತ್ತು. ಕಣ್ಣಾರೆ ನೋಡುವ ಆಸೆ ಇರುವುದಿಲ್ವಾ?

ಹೋಗಿ ಬಂದೆ. ಜೊತೆಗೆ 9 ವರ್ಷದ ಮೊಮ್ಮಗಳು. ಅವಳು ಇಲ್ಲಿನ ಕಬ್, ಅಂದರೆ ಸ್ಕೌಟಿನಲ್ಲೇ ಚಿಕ್ಕ ಮಕ್ಕಳ ವಿಭಾಗದವಳು. ನಮ್ಮ ಕಡೆಯಿಂದ ಹೋಗುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ, ಅದರಲ್ಲೂ ಸ್ಕೌಟ್ ಗೈಡ್ ಸಮವಸ್ತ್ರ ಹಾಕಿದವರಿಗೆ.

ಮೊದಲು ಟಿಕೆಟ್ ವಿಷಯ ಹೇಳಿಬಿಡುತ್ತೇನೆ, ಯಾಕಂದರೆ ನಮ್ಮ ಒಂದು ದಿನ ಅದರಲ್ಲೇ ಹೋಯಿತು. ಅಳಿಯ ಪಾಪ ಆಫೀಸಿನಲ್ಲಿ ಕೂತೇ ಯಾವುದೋ ಏಜೆಂಟರ ಹತ್ತಿರ ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆದಿದ್ದರು. ದ್ವೀಪಕ್ಕೆ ಟ್ರಿಪ್ ಅಂತಲೇ ಅದರಲ್ಲಿ ಇತ್ತು. ದೋಣಿ ಹತ್ತಿ ಕೂತೆವು. ದೋಣಿ ದ್ವೀಪದ ಹತ್ತಿರ ಹೋಯಿತು. ನೀರಿನ ಅಂಚಿಗೇ ನಿಂತಿರುವ ಕೋಟೆ ಕಾಣಿಸಿತು, ಪೈನ್ ಮರಗಳು ಕಾಣಿಸಿದವು. ನಾನು ಬ್ಯಾಗ್ ಹೆಗಲಿಗೆ ಏರಿಸಿ ಎದ್ದು ನಿಂತೆ. ದೋಣಿ ನಿಲ್ಲಲಿಲ್ಲ. ಸುತ್ತು ಹಾಕಿಕೊಂಡು ವಾಪಸ್ ಬಂತು. ಅದು ಬಂದರು ಸುತ್ತಿಸುವ ದೋಣಿಯಂತೆ, ಇಳಿಸುವುದಿಲ್ಲವಂತೆ. ದೋಣಿಯವರ ತಪ್ಪೇನೂ ಇಲ್ಲ, ಟಿಕೆಟ್ ಮಾರಿದವರು ಸರಿಯಾಗಿ ಹೇಳಿರಲಿಲ್ಲ. ದಡ ಕೈಗೆಟುಕುವಷ್ಟು ದೂರದಲ್ಲಿ ಹಿಂದೆ ಸರಿದಾಗ ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಹಾಗಾಗಿ ಟಿಕೆಟ್ ತಗೊಳ್ಳುವಾಗ "ದ್ವೀಪದಲ್ಲಿ ಇಳಿಸ್ತೀರಾ" ಅಂತ ಬಾಯಿಬಿಟ್ಟು ಕೇಳಿ. ಇನ್ನೊಂದು, ದೋಣಿಯ ದುಡ್ಡು ಬೇರೆ, ದ್ವೀಪದ ಪ್ರವೇಶ ಶುಲ್ಕ ಬೇರೆ. ದ್ವೀಪ 1962ರಿಂದ ನ್ಯಾಷನಲ್ ಟ್ರಸ್ಟ್ ಅನ್ನುವ, ಹಳೆಯ ಜಾಗಗಳನ್ನು ಕಾಪಾಡುವ ಸಂಸ್ಥೆಯ ಕೈಯಲ್ಲಿದೆ. ಅವರ ಸದಸ್ಯರಾಗಿದ್ದರೆ ಪ್ರವೇಶ ಉಚಿತ, ದೋಣಿಗೆ ಮಾತ್ರ ಕೊಡಬೇಕು. ಚಳಿಗಾಲದಲ್ಲಿ ಬರುವವರು ತೆರೆದಿದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಮೂರು ದಿನ ಬಿಟ್ಟು ಮತ್ತೆ ಹೋದೆವು. ಸೌತಾಂಪ್ಟನ್‌ನಿಂದ, ದೋಣಿ ಹೊರಡುವ ಪೂಲ್ ಊರಿಗೆ ರೈಲಿನಲ್ಲಿ ಒಂದು ಗಂಟೆಯೊಳಗೆ ಬರಬಹುದು. ಲಂಡನ್‌ನ ವಾಟರ್ಲೂ ನಿಲ್ದಾಣದಿಂದಾದರೆ ಎರಡು ಗಂಟೆಯ ಮೇಲೆ ಸ್ವಲ್ಪ. ಸ್ಟೇಷನ್ನಿನಿಂದ ಹೈ ಸ್ಟ್ರೀಟ್ ಹಿಡಿದು ನೇರ ನಡೆದರೆ ಪೂಲ್ ಕೀ ಅನ್ನುವ ದೋಣಿಕಟ್ಟೆ ಸಿಗುತ್ತದೆ. ಅಲ್ಲೇ ಬಿ.ಪಿ.ಯವರ ಕಂಚಿನ ಪ್ರತಿಮೆ ಇದೆ. ಬಿ.ಪಿ. ಅಂದರೆ ಸ್ಕೌಟ್ ಚಳವಳಿ ಶುರುಮಾಡಿದ ಬೇಡನ್ ಪೊವೆಲ್, ಸ್ಕೌಟಿನವರೆಲ್ಲ ಅವರನ್ನು ಕರೆಯುವುದೇ ಹಾಗೆ. ನಿಂತು ಸೆಲ್ಯೂಟ್ ಹೊಡೆಯುವ ಭಂಗಿ ಇರಬಹುದು ಅಂದುಕೊಂಡಿದ್ದೆ. ಅಲ್ಲ, ಸುಮ್ನೆ ಕೂತಿದ್ದಾರೆ. ಮುಖ ದ್ವೀಪದ ಕಡೆಗೆ. ಮಕ್ಕಳು ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. 2020ರ ಜೂನ್‌ನಲ್ಲಿ, ಹಳೆಯ ಸಾಮ್ರಾಜ್ಯದವರ ಪ್ರತಿಮೆಗಳನ್ನು ಜನ ಕೆಡವುತ್ತಿದ್ದಾಗ, ಇದಕ್ಕೂ ಹಲಗೆ ಹೊಡೆದು ಮುಚ್ಚಿದ್ದರು. ಬಿ.ಪಿ. ಆಫ್ರಿಕಾದಲ್ಲಿ ಮಾಡಿದ ಯುದ್ಧಗಳು ಅಲ್ಲಿನ ಜನರ ಮೇಲೆ ಮಾಡಿದ ಯುದ್ಧಗಳೇ. ಅದನ್ನು ಮೊಮ್ಮಗಳಿಗೆ ಮುಚ್ಚಿಡಲಿಲ್ಲ, ಪ್ರತಿಮೆಯ ಪಕ್ಕದಲ್ಲೇ ನಿಂತು ಹೇಳಿದೆ. ಅವರ ಒಳ್ಳೆ ಕೆಲಸವನ್ನು ಹೇಳುವವರು ಇದನ್ನೂ ಹೇಳಬೇಕು.

ಈ ಸಲ ದೋಣಿ ನಿಂತಿತು. ಇಳಿದೆವು.

ಇಳಿದ ತಕ್ಷಣ ಸಿಗುವ ಕೋಟೆಯೊಳಗೆ ಬಿಡುವುದಿಲ್ಲ, ಅದನ್ನು ಒಂದು ಕಂಪನಿ ತನ್ನ ಕೆಲಸಗಾರರ ರಜೆಗೆ ಅಂತ ಇಟ್ಟುಕೊಂಡಿದೆ. ಅಲ್ಲಿಂದ ಮುಂದೆ ಚರ್ಚು, ಬಯಲು, ನವಿಲುಗಳು. ಹೌದು, ನವಿಲು! ನಮ್ಮ ಹೊಲದ ಬದುವಿನಲ್ಲಿ ಓಡಾಡುವಂಥವೇ. ಅವನ್ನು ಇಲ್ಲಿಗೆ ತಂದವರು ದ್ವೀಪದ ಹಿಂದಿನ ಮಾಲೀಕರಾದ ವ್ಯಾನ್ ರಾಲ್ಟೆ ಮನೆತನದವರು. ಅದೇ ಚಾರ್ಲ್ಸ್ ವ್ಯಾನ್ ರಾಲ್ಟೆ 1907ರಲ್ಲಿ ಬಿ.ಪಿ.ಗೆ ಶಿಬಿರ ಮಾಡಲು ಜಾಗ ಕೊಟ್ಟವರು. ಚರ್ಚಿನ ಹಿಂದಿನ ಮರಗಳಲ್ಲಿ ಕೆಂಪು ಅಳಿಲುಗಳಿವೆ. ಇಂಗ್ಲೆಂಡಿನ ಹೆಚ್ಚಿನ ಕಡೆ ಅಮೆರಿಕದಿಂದ ಬಂದ ಬೂದು ಅಳಿಲು ಇವನ್ನು ಓಡಿಸಿಬಿಟ್ಟಿದೆ, ಈ ದ್ವೀಪಕ್ಕೆ ಬೂದು ಅಳಿಲು ಬಂದಿಲ್ಲ. ನಮಗೆ ಒಂದೇ ಒಂದು ಕಂಡಿತು. ಕಿವಿಯ ತುದಿಯಲ್ಲಿ ಕೂದಲಿನ ಗೊಂಚಲು, ಬೆನ್ನ ಮೇಲೆ ರಾಮನ ಮೂರು ಬೆರಳಿಲ್ಲ.

ಶಿಬಿರದ ಜಾಗಕ್ಕೆ ಮಕ್ಕಳ ಜೊತೆ ನಿಧಾನಕ್ಕೆ ನಡೆದರೆ ಸುಮಾರು ಅರ್ಧ ಗಂಟೆ. ದಾರಿ ಚೆನ್ನಾಗಿದೆ, ಬೋರ್ಡ್ ಇದೆ, ದಾರಿ ತಪ್ಪುವುದಿಲ್ಲ. ಮಂಡಿ ನೋವಿರುವವರು ಮಧ್ಯೆ ಕೂತು ಕೂತು ಹೋಗಬೇಕಾಗುತ್ತದೆ.

ಹೋಗಿ ನೋಡಿದರೆ ಏನಿದೆ? ಒಂದು ಕಲ್ಲು. ಡಾನ್ ಪಾಟರ್ ಅನ್ನುವ ಶಿಲ್ಪಿ ಕೆತ್ತಿದ್ದು, 1967ರಲ್ಲಿ ಇಟ್ಟಿದ್ದು. ಅದರ ಆಚೆ ಹುಲ್ಲು, ಮರ, ಕೆಳಗೆ ಸಮುದ್ರ. ಪಕ್ಕದಲ್ಲಿ 2007ರಲ್ಲಿ ತೆರೆದ ಬೇಡನ್ ಪೊವೆಲ್ ಔಟ್‌ಡೋರ್ ಸೆಂಟರ್ ಇದೆ, ಅಲ್ಲಿ ಬ್ಯಾಡ್ಜು ಸ್ಕಾರ್ಫು ಮಾರುವ ಚಿಕ್ಕ ಅಂಗಡಿ. ಅಷ್ಟೇ. ದೊಡ್ಡ ಮ್ಯೂಸಿಯಂ, ಪರದೆಯ ಮೇಲೆ ಸಿನಿಮಾ, ಗಾಜಿನ ಪೆಟ್ಟಿಗೆ ಅಂತ ಕನಸು ಕಂಡು ಬಂದವರಿಗೆ ಬೇಜಾರಾಗುತ್ತದೆ. ನಮ್ಮ ಮುಂದೆಯೇ ಒಂದು ಕುಟುಂಬ ಬಂದು, ಕಲ್ಲಿನ ಮುಂದೆ ನಿಂತು ಫೋಟೋ ತೆಗೆದು, ಐದು ನಿಮಿಷದಲ್ಲಿ ವಾಪಸ್ ಹೋಯಿತು. ನಾವು ಅಲ್ಲಿ ಎರಡೂವರೆ ಗಂಟೆ ಇದ್ದೆವು. ನನ್ನ ಪ್ರಕಾರ ಆ ಜಾಗವನ್ನು ಹೀಗೆ ಖಾಲಿ ಬಿಟ್ಟಿರುವುದೇ ಸರಿ. ಅಲ್ಲಿ ನಡೆದದ್ದು ಅಷ್ಟು ಚಿಕ್ಕ ವಿಷಯ, ಅದು ಚಿಕ್ಕದಾಗಿಯೇ ಕಾಣಬೇಕು.

ಹುಲ್ಲಿನ ಮೇಲೆ ಟವೆಲ್ ಹಾಸಿ ಕೂತು ಮೊಮ್ಮಗಳಿಗೆ ಕಥೆ ಹೇಳಿದೆ. ಬಿ.ಪಿ. 1899ರಲ್ಲಿ ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಅನ್ನುವ ಊರಿನಲ್ಲಿ ಸೈನ್ಯದ ಮುಖ್ಯಸ್ಥರು. ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರ್ ಜನರ ಸೈನ್ಯ ಊರನ್ನು 217 ದಿನ ಮುತ್ತಿತು. ಆಗ ಊರಿನ ಹುಡುಗರ ಒಂದು ಪಡೆ ಸೈಕಲ್ ಮೇಲೆ ಕಾಗದ, ಸುದ್ದಿ ಮುಟ್ಟಿಸುತ್ತಿತ್ತು. ಆ ಹುಡುಗರ ನಾಯಕ ವಾರ್ನರ್ ಗುಡ್‌ಇಯರ್‌ಗೆ ಹದಿಮೂರರ ಆಸುಪಾಸಿನ ವಯಸ್ಸು. ಮುತ್ತಿಗೆಯ ಸಮಯದಲ್ಲಿ ಅಲ್ಲಿ ಅಚ್ಚು ಹಾಕಿದ ಅಂಚೆಚೀಟಿಯ ಮೇಲೆ ಸೈಕಲ್ ಹಿಡಿದ ಆ ಹುಡುಗನ ಚಿತ್ರವೇ ಇತ್ತು. ಜವಾಬ್ದಾರಿ ಕೊಟ್ಟರೆ ಹುಡುಗರು ಹೊತ್ತುಕೊಳ್ಳುತ್ತಾರೆ ಅನ್ನುವುದು ಬಿ.ಪಿ. ಮನಸ್ಸಿನಲ್ಲಿ ಉಳಿಯಿತು. ಆಮೇಲೆ ಇಂಗ್ಲೆಂಡಿಗೆ ವಾಪಸ್ ಬಂದರೆ ಅವರು ಸೈನಿಕರಿಗೆ ಅಂತ ಬರೆದ ಪುಟ್ಟ ಕೈಪಿಡಿಯನ್ನು ಹುಡುಗರು, ಮೇಷ್ಟ್ರುಗಳು ಓದುತ್ತಿದ್ದಾರೆ. ಬಾಯ್ಸ್ ಬ್ರಿಗೇಡ್ ಅನ್ನುವ ಹುಡುಗರ ಸಂಘ ಕಟ್ಟಿದ್ದ ವಿಲಿಯಂ ಸ್ಮಿತ್ ಇದನ್ನು ಹುಡುಗರಿಗಾಗಿಯೇ ಬರೆದುಕೊಡಿ ಅಂದರು. ಅಮೆರಿಕದಲ್ಲಿ ಅರ್ನೆಸ್ಟ್ ಥಾಂಪ್ಸನ್ ಸೀಟನ್ 1902ರಿಂದಲೇ ಹುಡುಗರನ್ನು ಕಾಡಿಗೆ ಕರೆದುಕೊಂಡು ಹೋಗುತ್ತಿದ್ದರು, ಅವರಿಂದಲೂ ಬಿ.ಪಿ. ಕೆಲವು ಪಾಠ, ಆಟ ತೆಗೆದುಕೊಂಡರು.

ಬರೆಯುವ ಮುಂಚೆ ಮಾಡಿ ನೋಡೋಣ ಅಂತ ಬಂದದ್ದು ಈ ದ್ವೀಪಕ್ಕೆ. 1907ರ ಆಗಸ್ಟ್ 1ರಿಂದ ಒಂದು ವಾರ. ಈಟನ್, ಹ್ಯಾರೋ ಥರದ ಶ್ರೀಮಂತರ ಶಾಲೆಗಳ ಹುಡುಗರು ಅರ್ಧ. ಪೂಲ್ ಮತ್ತು ಬೋರ್ನ್‌ಮತ್ ಊರಿನ ಕೆಲಸಗಾರರ ಮನೆಯ ಹುಡುಗರು ಅರ್ಧ. ಶ್ರೀಮಂತರ ಮಕ್ಕಳಿಗೆ ಶುಲ್ಕ 1 ಪೌಂಡ್, ಅಂದರೆ 20 ಶಿಲ್ಲಿಂಗ್. ಊರಿನ ಹುಡುಗರಿಗೆ ಮೂರೂವರೆ ಶಿಲ್ಲಿಂಗ್. ಆ ಕಾಲದಲ್ಲಿ ಈ ಎರಡು ಥರದ ಮಕ್ಕಳು ಒಂದೇ ಡೇರೆಯಲ್ಲಿ ಮಲಗಿದ್ದು ಸಣ್ಣ ಮಾತಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾಗುವ ಸಂಗತಿ ಇದೇ. ನಮ್ಮ ಕ್ಯಾಂಪುಗಳಲ್ಲೂ ಒಂದೇ ತಟ್ಟೆ ಸಾಲಿನಲ್ಲಿ ಎಲ್ಲ ಕೇರಿಯ ಮಕ್ಕಳೂ ಕೂತಾಗ ನಾನು ಆ ಮೂರೂವರೆ ಶಿಲ್ಲಿಂಗ್ ನೆನೆಸಿಕೊಳ್ಳುತ್ತಿದ್ದೆ.

20 ಹುಡುಗರನ್ನು ನಾಲ್ಕು ಪ್ಯಾಟ್ರೋಲ್, ಅಂದರೆ ಚಿಕ್ಕ ತಂಡ, ಮಾಡಿದರು, ಒಂದಕ್ಕೆ ಐದು ಜನ. ತೋಳ, ಕಾಡುಕಾಗೆ, ಗೂಳಿ, ಕರ್ಲ್ಯೂ ಅನ್ನುವ ನೀರುಹಕ್ಕಿ. ಹೆಗಲ ಮೇಲೆ ಉಣ್ಣೆಯ ದಾರದ ಕುಚ್ಚು. ತೋಳಕ್ಕೆ ನೀಲಿ, ಕಾಗೆಗೆ ಕೆಂಪು, ಗೂಳಿಗೆ ಹಸಿರು, ಕರ್ಲ್ಯೂಗೆ ಹಳದಿ. ಯಾವ ಪ್ಯಾಟ್ರೋಲಿಗೂ ಸೇರದ ಒಬ್ಬ ಪುಟ್ಟ ಇದ್ದ, ಬಿ.ಪಿ.ಯವರ ತೀರಿಹೋದ ಅಣ್ಣನ ಮಗ ಡೊನಾಲ್ಡ್, ವಯಸ್ಸು 9. "ನನ್ನಷ್ಟೇ!" ಅಂದಳು ಮೊಮ್ಮಗಳು. ಅಲ್ಲಿಂದ ಮುಂದೆ ಅವಳ ಪ್ರಶ್ನೆಯೆಲ್ಲ ಡೊನಾಲ್ಡ್ ಬಗ್ಗೆಯೇ. ಡೊನಾಲ್ಡ್ ಎಲ್ಲಿ ಮಲಗಿದ? ಡೊನಾಲ್ಡ್‌ಗೆ ಕತ್ತಲೆ ಹೆದರಿಕೆ ಆಗಲಿಲ್ವಾ?

ಬೆಳಿಗ್ಗೆ ಬಿ.ಪಿ. ಕುಡು ಅನ್ನುವ ಆಫ್ರಿಕಾದ ಜಿಂಕೆಯ ಸುರುಳಿ ಕೊಂಬು ಊದಿ ಎಬ್ಬಿಸುತ್ತಿದ್ದರು. ಆ ಕೊಂಬು 1896ರ ಮಾಟಬೆಲೆ ಯುದ್ಧದಲ್ಲಿ ಸಿಕ್ಕಿದ್ದು. ಹಗಲಲ್ಲಿ ಹೆಜ್ಜೆ ಗುರುತು ಹಿಡಿಯುವುದು, ಗಂಟು ಹಾಕುವುದು, ಪ್ರಥಮ ಚಿಕಿತ್ಸೆ, ಆಟ. ನೀರಿನಲ್ಲಿ ಒಂದು ಮರದ ದಿಮ್ಮಿ ತೇಲಿಬಿಟ್ಟು ಅದನ್ನೇ ತಿಮಿಂಗಿಲ ಮಾಡಿಕೊಂಡು ದೋಣಿಯಲ್ಲಿ ಅಟ್ಟಿಸಿಕೊಂಡು ಹೋಗುವ ಆಟವೂ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಕಡ್ಡಾಯ ವಿಶ್ರಾಂತಿ. ರಾತ್ರಿ ಒಂದೊಂದು ಪ್ಯಾಟ್ರೋಲ್ ಸರದಿಯ ಮೇಲೆ ಹಿಟ್ಟು, ಮಾಂಸ, ಆಲೂಗಡ್ಡೆ ತಗೊಂಡು ಹೊರಗೆ ಹೋಗಿ ತಾವೇ ಬೇಯಿಸಿಕೊಂಡು, ಕಾವಲಿಟ್ಟು ಮಲಗಬೇಕು. ಪ್ಯಾಟ್ರೋಲ್ ಲೀಡರ್ ಹೇಳಿದ್ದು ನಡೆಯಬೇಕು. ಅವನೂ ಹುಡುಗನೇ. ದೊಡ್ಡವರು ದೂರ ನಿಂತು ನೋಡುವುದು.

ಈಗ ದರ್ಜೆಗಳ ವಿಷಯಕ್ಕೆ ಬರುತ್ತೇನೆ, ಅಂದರೆ ಮಕ್ಕಳು ಪರೀಕ್ಷೆ ಪಾಸಾಗಿ ಒಂದೊಂದಾಗಿ ಏರುವ ಮಟ್ಟಗಳು. ನಾನು ಈ ಬರಹ ಬರೆಯಲು ಕೂತದ್ದೇ ಅದಕ್ಕೆ.

ದರ್ಜೆಗಳ ಪದ್ಧತಿ ಹುಟ್ಟಿದ್ದು ಈ ಹುಲ್ಲಿನ ಮೇಲೆಯೇ. ಹುಡುಗರಿಗೆ ಹಿತ್ತಾಳೆಯ ಒಂದು ಹೂವಿನ ಬ್ಯಾಡ್ಜ್ ಕೊಟ್ಟರು, ಮೂರು ಎಸಳಿನದು, ನಮ್ಮ ಮಕ್ಕಳ ಬ್ಯಾಡ್ಜಿನಲ್ಲೂ ಇದೆ ನೋಡಿ. ಹಳೆಯ ನಕ್ಷೆಗಳಲ್ಲಿ ಉತ್ತರ ದಿಕ್ಕು ತೋರಿಸಲು ಬರೆಯುತ್ತಿದ್ದದ್ದು ಅದೇ ಹೂವು. ಪರೀಕ್ಷೆ ಪಾಸಾದ ಮೇಲೆ ಅದರ ಕೆಳಗೆ ಸೇರಿಸಿಕೊಳ್ಳಲು "ಸದಾ ಸಿದ್ಧ" ಅನ್ನುವ ಅರ್ಥದ ಮಾತು ಬರೆದ ಪಟ್ಟಿ. ಆ ಹೂವು ಮೊದಲು ಅರಳಿದ್ದು ಎಲ್ಲಿ ಗೊತ್ತಾ? ನಮ್ಮ ಮೀರತ್‌ನಲ್ಲಿ. ಬಿ.ಪಿ. 1897ರಲ್ಲಿ 5ನೇ ಡ್ರಗೂನ್ ಗಾರ್ಡ್ಸ್ ಪಡೆಯ ಮುಖ್ಯಸ್ಥರಾಗಿ ಭಾರತಕ್ಕೆ ಬಂದಿದ್ದರು. ಗುಪ್ತವಾಗಿ ಹೋಗಿ ನೋಡಿ ಬರುವ ಕೆಲಸ ಕಲಿತ ಸೈನಿಕರ ತೋಳಿಗೆ ಆಗಲೇ ಈ ಗುರುತು ಹಾಕಿಸಿದ್ದರು.

1908ರ ಜನವರಿಯಿಂದ ಬಿ.ಪಿ.ಯವರ ಸ್ಕೌಟ್ ಪುಸ್ತಕ 15 ದಿನಕ್ಕೊಂದರಂತೆ ಆರು ಭಾಗವಾಗಿ ಬಂತು. ಒಂದು ಭಾಗಕ್ಕೆ 4 ಪೆನ್ಸ್. ದರ್ಜೆಗಳ ವಿಷಯ ಎಲ್ಲರಿಗೂ ತಲುಪಿದ್ದು ಹಾಗೆ. ಟೆಂಡರ್‌ಫುಟ್, ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್, ಮೂರೇ. ಟೆಂಡರ್‌ಫುಟ್ ಅಂದರೆ ಎಳೆ ಪಾದದವನು, ಇನ್ನೂ ನಡೆದು ಗಟ್ಟಿಯಾಗದವನು. ಅವನಿಗೆ ಸ್ಕೌಟ್ ನಿಯಮ, ಸೆಲ್ಯೂಟ್, ಬಾವುಟ ಸರಿಯಾಗಿ ಹಾರಿಸುವುದು ಮತ್ತು ಗಂಟುಗಳು ಬರಬೇಕು.

ಸೆಕೆಂಡ್ ಕ್ಲಾಸ್ ಪರೀಕ್ಷೆ ನನಗೆ ಬಾಯಿಪಾಠ. ಎರಡೇ ಬೆಂಕಿಕಡ್ಡಿಯಲ್ಲಿ ಒಲೆ ಹೊತ್ತಿಸಬೇಕು. ಒಂದು ಡಬ್ಬಿ ಬಿಟ್ಟು ಬೇರೆ ಪಾತ್ರೆ ಇಲ್ಲದೆ ಕಾಲು ಪೌಂಡ್ ಮಾಂಸ, ಎರಡು ಆಲೂಗಡ್ಡೆ ಬೇಯಿಸಬೇಕು. ಸ್ವಲ್ಪ ಓಟ, ಸ್ವಲ್ಪ ನಡಿಗೆ ಮಾಡುತ್ತಾ 1 ಮೈಲಿಯನ್ನು 12 ನಿಮಿಷದಲ್ಲಿ ಮುಗಿಸಬೇಕು. ದಿಕ್ಸೂಚಿಯ 16 ದಿಕ್ಕು ಹೇಳಬೇಕು. ಅರ್ಧ ಮೈಲಿ ಹೆಜ್ಜೆ ಗುರುತು ಹಿಡಿದು 25 ನಿಮಿಷದಲ್ಲಿ ತಲುಪಬೇಕು. ಪೇಟೆಯ ಹುಡುಗ ಎಲ್ಲಿ ಹೆಜ್ಜೆ ಗುರುತು ಹುಡುಕುತ್ತಾನೆ? ಅವನಿಗೆ ಬೇರೆ ದಾರಿ ಇತ್ತು. ನಾಲ್ಕು ಅಂಗಡಿಗಳ ಗಾಜಿನ ಕಿಟಕಿಯನ್ನು ಒಂದೊಂದು ನಿಮಿಷ ನೋಡಬೇಕು, ಆಮೇಲೆ ಅದರಲ್ಲಿ ಒಂದರಲ್ಲಿ ಏನೇನಿತ್ತು ಅಂತ ಹೇಳಬೇಕು. ಇದನ್ನು ಮಾಡಿದವರು ಮಕ್ಕಳನ್ನು ಎಷ್ಟು ಹತ್ತಿರದಿಂದ ನೋಡಿರಬೇಕು ಅಲ್ವಾ? ಜೊತೆಗೆ ಉಳಿತಾಯ ಖಾತೆಯಲ್ಲಿ ಕನಿಷ್ಠ 6 ಪೆನ್ಸ್ ಇರಬೇಕು.

ಫಸ್ಟ್ ಕ್ಲಾಸ್ ಇನ್ನೂ ಕಷ್ಟ. 50 ಗಜ ಈಜು. ಒಬ್ಬನೇ 7 ಮೈಲಿ ನಡೆದೋ ದೋಣಿ ಹುಟ್ಟುಹಾಕಿಯೋ ಹೋಗಿ ಬಂದು ಏನು ಕಂಡೆ ಅಂತ ಬರೆಯಬೇಕು. ನಕ್ಷೆ ಓದಬೇಕು. ಕೊಡಲಿ ಹಿಡಿಯಲು ಬರಬೇಕು. ಉಳಿತಾಯ 1 ಶಿಲ್ಲಿಂಗ್ ಆಗಬೇಕು. ಕೊನೆಯದು ಬಹಳ ಮುಖ್ಯ: ತಾನೇ ಕಲಿಸಿದ ಒಬ್ಬ ಟೆಂಡರ್‌ಫುಟ್ ಹುಡುಗನನ್ನು ಕರೆತರಬೇಕು. ಇನ್ನೊಬ್ಬರಿಗೆ ಕಲಿಸದವನು ಫಸ್ಟ್ ಕ್ಲಾಸ್ ಆಗುವಂತಿಲ್ಲ.

ಈ ಪಟ್ಟಿಯಲ್ಲಿ ಬರೀ ಬಾಯಿಪಾಠ ಒಪ್ಪಿಸಿ ಮುಗಿಸುವಂಥದ್ದು ಎಷ್ಟು ಕಡಿಮೆ ನೋಡಿ. ಹೆಚ್ಚಿನದಕ್ಕೆಲ್ಲ ಕೈ ಬೇಕು, ಕಾಲು ಬೇಕು, ಕಣ್ಣು ಬೇಕು. ಆಮೇಲೆ 1909ರಲ್ಲಿ ಕಿಂಗ್ಸ್ ಸ್ಕೌಟ್ ಅನ್ನುವ ಎಲ್ಲಕ್ಕಿಂತ ಮೇಲಿನ ದರ್ಜೆ ಬಂತು, ಅದೇ ವಂಶದ ಕೂಸು ಈಗ ನಮ್ಮ ರಾಷ್ಟ್ರಪತಿ ಪುರಸ್ಕಾರ. ಅಮೆರಿಕದಲ್ಲಿ ಟೆಂಡರ್‌ಫುಟ್, ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್ ಹೆಸರುಗಳು ಇವತ್ತಿಗೂ ಇವೆ. ಹುಟ್ಟಿದ ನಾಡಿನಲ್ಲೇ 1960ರ ದಶಕದ ಕೊನೆಗೆ ಬಿಟ್ಟುಬಿಟ್ಟರು. ನಮ್ಮಲ್ಲಿ ಪ್ರವೇಶ, ಆಮೇಲೆ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ. ಸೋಪಾನ ಅಂದರೆ ಮೆಟ್ಟಿಲು. ಒಳ್ಳೆಯ ಹೆಸರು. ಮೆಟ್ಟಿಲನ್ನು ಕಾಲಿನಿಂದಲೇ ಹತ್ತಬೇಕು.

ಹೀಗೆ ಹೇಳಲು ಒಂದು ಕಾರಣ ಇದೆ. ಬಹಳ ವರ್ಷದ ಹಿಂದೆ ಒಂದು ಪರೀಕ್ಷಾ ಶಿಬಿರಕ್ಕೆ ನನ್ನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಜೋರು ಮಳೆ. ಸೌದೆಯೆಲ್ಲ ನೆನೆದಿತ್ತು. ಸಂಜೆಯ ಹೊತ್ತಿಗೆ ಎಲ್ಲರ ಲಾಗ್ ಬುಕ್ಕಿನಲ್ಲೂ ಅಡುಗೆ ಪಾಸ್ ಅಂತ ಸಹಿ ಬಿತ್ತು. ಯಾರೂ ಒಲೆ ಹಚ್ಚಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬ ಹುಡುಗಿ ನನ್ನ ಪಕ್ಕ ಬಂದು ಕೂತು "ಮಿಸ್, ನಾನು ಬೆಂಕಿನೇ ಹಚ್ಚಲಿಲ್ಲ, ಪಾಸ್ ಹೇಗಾದೆ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಶನಿವಾರ ಶಾಲೆಯ ಹಿಂದೆ ಮೂರು ಕಲ್ಲಿಟ್ಟು ಅವಳ ಕೈಗೆ ಎರಡು ಕಡ್ಡಿ ಕೊಟ್ಟೆ. ಮೊದಲನೆಯದು ಗಾಳಿಗೆ ಆರಿತು. ಎರಡನೆಯದು ತೆಂಗಿನ ನಾರಿಗೆ ಹಿಡಿದು, ಹೊಗೆಯಾಡಿ, ಸತ್ತೇ ಹೋಯಿತು ಅನ್ನುವಾಗ ಹೊತ್ತಿಕೊಂಡಿತು. ಅವಳು ನೆಲಕ್ಕೆ ಗಲ್ಲ ತಾಗಿಸಿ ಊದುತ್ತಿದ್ದಳು. ಕಣ್ಣಲ್ಲಿ ನೀರು, ಮೂಗಿನ ತುದಿಯಲ್ಲಿ ಮಸಿ. ಆಮೇಲೆ ಅವಳು ರಾಜ್ಯ ಪುರಸ್ಕಾರವನ್ನೂ ತಗೊಂಡಳು. ಆದರೆ ನನಗೆ ನೆನಪಿರುವುದು ಆ ಮಸಿ.

ಬ್ರೌನ್ಸಿಯಲ್ಲಿ ಒಲೆ ಹಚ್ಚಿಸುವ ಆಸೆ ಇತ್ತು. ಅದು ಸಾಧ್ಯವಿಲ್ಲ, ಮಾಡಲೂಬಾರದು. 1934ರಲ್ಲಿ ಬೆಂಕಿ ಬಿದ್ದು ದ್ವೀಪದ ಬಹುಭಾಗ ಸುಟ್ಟಿತ್ತು. ನೆಲದ ತುಂಬ ಒಣಗಿದ ಪೈನ್ ಎಲೆ. ಹಾಗಾಗಿ ಹಗ್ಗ ತಂದಿದ್ದೆ. ಮಾರುದ್ದದ ನೂಲಿನ ಹಗ್ಗ, ನನ್ನ ಹಳೆಯ ಕಿಟ್‌ನದು. ಕಲ್ಲಿನ ಹತ್ತಿರದ ಬೇಲಿ ಗೂಟಕ್ಕೆ ಮೊಮ್ಮಗಳು ಕ್ಲೋವ್ ಹಿಚ್ ಹಾಕಿದಳು. ಮೊದಲ ಸುತ್ತು ಸರಿ, ಎರಡನೆಯದರಲ್ಲಿ ತುದಿಯನ್ನು ತಪ್ಪು ಕಡೆಯಿಂದ ತೂರಿಸಿದಳು. ಎಳೆದರೆ ಬಿಚ್ಚಿಕೊಂಡಿತು. ಇನ್ನೊಂದು ಸಲ. ಮತ್ತೂ ಒಂದು ಸಲ. ನಾಲ್ಕನೆಯ ಸಲ ಎರಡೂ ಕೈಯಲ್ಲಿ ಎಳೆದಳು, ಗಂಟು ಗೂಟಕ್ಕೆ ಕಚ್ಚಿಕೊಂಡಿತು. ನಂತರ ಬೋಲೈನ್, ಎಷ್ಟು ಎಳೆದರೂ ಬಿಗಿಯಾಗದ ಕುಣಿಕೆ, ಮನುಷ್ಯರನ್ನು ಮೇಲೆತ್ತುವಾಗ ಹಾಕುವುದು. ಅದನ್ನು ತನ್ನ ಸೊಂಟಕ್ಕೇ ಹಾಕಿಕೊಂಡು "ಎಳಿ ಅಜ್ಜಿ" ಅಂದಳು. ಅಲ್ಲಿಗೆ ಬಂದಿದ್ದ ಬೇರೆ ಇಬ್ಬರು ಮಕ್ಕಳೂ ನೋಡುತ್ತಾ ನಿಂತರು. ಸ್ವಲ್ಪ ಹೊತ್ತಿಗೆ ಆ ಹಗ್ಗ ಅವರ ಕೈಯಲ್ಲಿತ್ತು, ಇವಳು ಕಲಿಸುತ್ತಿದ್ದಳು.

ಹುಡುಗಿಯರ ವಿಷಯ ಬಿಟ್ಟರೆ ಈ ಕಥೆ ಅರ್ಧವೇ. ಈ ದ್ವೀಪಕ್ಕೆ 1907ರಲ್ಲಿ ಬಂದವರು ಹುಡುಗರು ಮಾತ್ರ. ಎರಡು ವರ್ಷ ಬಿಟ್ಟು 1909ರ ಸೆಪ್ಟೆಂಬರ್ 4ರಂದು ಲಂಡನ್‌ನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಸಾವಿರಾರು ಸ್ಕೌಟುಗಳ ರ‍್ಯಾಲಿ. ಅದರೊಳಗೆ ಹುಡುಗಿಯರ ಒಂದು ಚಿಕ್ಕ ಗುಂಪು ಟೋಪಿ ಹಾಕಿಕೊಂಡು ಬಂದು ನಿಂತಿತ್ತು. ಯಾರೂ ಕರೆದಿರಲಿಲ್ಲ. ಪುಸ್ತಕ ಓದಿ ತಾವೇ ಗಂಟು ಕಲಿತು, ತಾವೇ ಪ್ಯಾಟ್ರೋಲ್ ಮಾಡಿಕೊಂಡು ಬಂದವರು. ಮುಂದಿನ ವರ್ಷ ಬಿ.ಪಿ.ಯವರ ತಂಗಿ ಆಗ್ನೆಸ್ ಮುಂದಾಳತ್ವದಲ್ಲಿ ಗರ್ಲ್ ಗೈಡ್ಸ್ ಶುರುವಾಯಿತು. ಗೈಡ್ ಅನ್ನುವ ಹೆಸರು ತಗೊಂಡದ್ದು ಆಗಿನ ಭಾರತದ ವಾಯವ್ಯ ಗಡಿಯಲ್ಲಿದ್ದ ಕೋರ್ ಆಫ್ ಗೈಡ್ಸ್ ಸೈನ್ಯದಿಂದ. ನಾನು 26 ವರ್ಷ ಹಾಕಿದ ಸಮವಸ್ತ್ರಕ್ಕೆ ಕಾರಣ ಕರೆಯದೇ ಬಂದ ಆ ಹುಡುಗಿಯರು. ನನ್ನ ಮೊಮ್ಮಗಳು ಈಗ ಹುಡುಗರ ಜೊತೆಗೇ ಕಬ್. ಇಲ್ಲಿ 1991ರಿಂದ ಎಲ್ಲ ವಯಸ್ಸಿನ ಸ್ಕೌಟ್ ವಿಭಾಗಗಳಿಗೂ ಹುಡುಗಿಯರು ಸೇರಬಹುದು.

ಕಬ್ ವಿಭಾಗ ಬಂದದ್ದು 1916ರಲ್ಲಿ, ಚಿಕ್ಕ ಮಕ್ಕಳಿಗೆ. ಅದಕ್ಕೆ ಕಿಪ್ಲಿಂಗ್‌ರ ಮೋಗ್ಲಿ ಕಥೆಯನ್ನೇ ಅಡಿಪಾಯ ಮಾಡಿಕೊಂಡರು. ಆ ಕಥೆಯ ಕಾಡು ನಮ್ಮ ಮಧ್ಯಪ್ರದೇಶದ ಸಿವನಿ ಕಡೆಯದು. ಮೊಮ್ಮಗಳು ತನ್ನ ಲೀಡರ್‌ನ "ಅಕೇಲಾ" ಅಂತ ಇಂಗ್ಲಿಷ್ ರಾಗದಲ್ಲಿ ಕರೆಯುತ್ತಾಳೆ. ಅದು ಹಿಂದಿ ಮಾತು ಕಣೇ, ಒಬ್ಬನೇ ಅಂತ ಅರ್ಥ ಅಂದೆ. ಅವಳಿಗೆ ಆಶ್ಚರ್ಯ. ತನ್ನ ಅಕೇಲಾಗೇ ಇದು ಗೊತ್ತಿಲ್ಲ, ಮುಂದಿನ ವಾರ ಹೇಳ್ತೀನಿ ಅಂದಳು.

ನಮ್ಮ ಕರ್ನಾಟಕಕ್ಕೂ ಈ ಕಥೆಯಲ್ಲಿ ಜಾಗ ಇದೆ. ಬ್ರೌನ್ಸಿ ಶಿಬಿರ ಆದ ಎರಡೇ ವರ್ಷಕ್ಕೆ, 1909ರಲ್ಲಿ, ಭಾರತದ ಮೊದಲ ಸ್ಕೌಟ್ ದಳ ಶುರುವಾದದ್ದು ಬೆಂಗಳೂರಿನ ಬಿಷಪ್ ಕಾಟನ್ ಬಾಯ್ಸ್ ಶಾಲೆಯಲ್ಲಿ. ಆದರೆ ಆಗ ಅದು ಯುರೋಪಿಯನ್, ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ನಮ್ಮ ಮಕ್ಕಳಿಗೆ ಬಾಗಿಲು ಮುಚ್ಚಿತ್ತು. ಸ್ಕೌಟ್ ನಿಯಮದಲ್ಲಿ ಎಲ್ಲರೂ ಸೋದರರು ಅಂತ ಬರೆದುಕೊಂಡೇ ಹೀಗೆ ಮಾಡಿದರು ಅನ್ನುವುದು ನನಗೆ ಇವತ್ತಿಗೂ ನೋವು. ಮುಚ್ಚಿದ ಬಾಗಿಲ ಮುಂದೆ ನಮ್ಮವರು ಕಾಯುತ್ತಾ ಕೂರಲಿಲ್ಲ. ಆನಿ ಬೆಸೆಂಟ್ ಮದ್ರಾಸಿನ ಕಡೆ, ಮದನ ಮೋಹನ ಮಾಳವೀಯ ಮತ್ತು ಹೃದಯನಾಥ ಕುಂಜ್ರೂ ಅಲಹಾಬಾದಿನ ಕಡೆ ಬೇರೆ ಸಂಘಗಳನ್ನೇ ಕಟ್ಟಿದರು. 1921ರಲ್ಲಿ ಬಿ.ಪಿ. ಭಾರತಕ್ಕೆ ಬಂದು ಹೋದರು. ಎಲ್ಲ ಸೇರಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಗಿದ್ದು 1950ರ ನವೆಂಬರ್ 7ಕ್ಕೆ. ಈ ಸಂಗತಿ ಬ್ರೌನ್ಸಿಯಲ್ಲಿ ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ. ನಮ್ಮ ಕಡೆಯಿಂದ ಹೋಗುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹೋಗಿ, ನಿಮ್ಮ ಮಕ್ಕಳಿಗೆ ನೀವೇ ಹೇಳಿ.

ನನ್ನ ಹತ್ತಿರ ಹಿಮಾಲಯ ವುಡ್ ಬ್ಯಾಡ್ಜ್ ಇದೆ, ದಳ ನಡೆಸುವವರು ತರಬೇತಿ ಮುಗಿಸಿದಾಗ ಕೊಡುವ ಗುರುತು. ಚರ್ಮದ ದಾರದಲ್ಲಿ ಪೋಣಿಸಿದ ಎರಡು ಮರದ ಮಣಿ. ವುಡ್ ಬ್ಯಾಡ್ಜ್ ಶುರುವಾದದ್ದು 1919ರ ಸೆಪ್ಟೆಂಬರ್‌ನಲ್ಲಿ, ಲಂಡನ್ ಹತ್ತಿರದ ಗಿಲ್‌ವೆಲ್ ಪಾರ್ಕ್‌ನಲ್ಲಿ. ಮೊದಲು ಕೊಟ್ಟ ಮಣಿಗಳು ಜುಲು ರಾಜ ಡಿನುಜುಲುವಿನದು ಅಂತ ಬಿ.ಪಿ. ಹೇಳುತ್ತಿದ್ದ ಹಾರದವು. ಈಗಿನವು ಅದರ ನಕಲು. ಆ ಮಣಿಗಳನ್ನು ಊರಿನಿಂದ ತಂದಿದ್ದೆ. ಕಲ್ಲಿನ ಮುಂದೆ ಕೊರಳಿಗೆ ಹಾಕಿಕೊಂಡು ನಿಂತು ಮೂರು ಬೆರಳೆತ್ತಿ ಸೆಲ್ಯೂಟ್ ಮಾಡಿದೆ. ನಮ್ಮ ದಾವಣಗೆರೆ ಕಡೆಯ ಕೊಂಡಜ್ಜಿಯ ಕ್ಯಾಂಪಿನಲ್ಲಿ ಕೆರೆ ಕಡೆಯಿಂದ ಬೀಸುವ ಬೆಳಗಿನ ಗಾಳಿ, ಬಾವುಟ ಏರಿಸುವಾಗ ಹಗ್ಗ ಕಂಬಕ್ಕೆ ಬಡಿಯುವ ಸದ್ದು, ಎಲ್ಲ ಒಟ್ಟಿಗೆ ನೆನಪಾಯಿತು.

ಊಟ ತಿಂಡಿ: ದೋಣಿ ಇಳಿಯುವ ಕಡೆ ಕೆಫೆ ಇದೆ, ಆದರೆ ಶಿಬಿರದ ಜಾಗದಿಂದ ಅಲ್ಲಿಗೆ ಮತ್ತೆ ಅರ್ಧ ಗಂಟೆ. ಬುತ್ತಿ ಕಟ್ಟಿಕೊಂಡು ಹೋಗುವುದೇ ಒಳ್ಳೆಯದು. ನಾವು ಚಪಾತಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕಿದ ಮಂಡಕ್ಕಿ ಒಯ್ದಿದ್ದೆವು. ನವಿಲುಗಳು ಹತ್ತಿರ ಬರುತ್ತವೆ, ಏನೂ ಹಾಕಬೇಡಿ. ನೀರು ಜಾಸ್ತಿ ಇಟ್ಟುಕೊಳ್ಳಿ, ಗಾಳಿಗೆ ತೆಳ್ಳಗಿನ ಜಾಕೆಟ್ ಬೇಕು. ಕಾಲಲ್ಲಿ ಶೂ ಇರಲಿ. ದ್ವೀಪದ ಪಶ್ಚಿಮ ತುದಿಯ ದಂಡೆಯಲ್ಲಿ ಹಳೆಯ ಕುಂಬಾರಿಕೆ ಕಾರ್ಖಾನೆಯ ಮಣ್ಣಿನ ಕೊಳವೆ ಚೂರುಗಳು ರಾಶಿ ಬಿದ್ದಿವೆ, ಮಕ್ಕಳಿಗೆ ನೋಡಲು ಖುಷಿ, ಬರಿಗಾಲಿಗೆ ಆಗುವುದಿಲ್ಲ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ. ಸ್ಕೌಟ್ ಗೈಡ್ ದಳದವರು ಅನುಮತಿ ತಗೊಂಡು ಅಲ್ಲೇ ಡೇರೆ ಹಾಕಿ ಉಳಿಯಬಹುದು. ನನಗೆ ಇನ್ನೊಂದು ಸಲ ಅವಕಾಶ ಸಿಕ್ಕರೆ ಒಂದು ರಾತ್ರಿಯಾದರೂ ಉಳಿಯುತ್ತೇನೆ.

ಐದಕ್ಕೆ ಎಷ್ಟು ಅಂತ ಕೇಳಿದರೆ ಐದು ಕೊಡುತ್ತೇನೆ.

ವಾಪಸ್ ಬಂದು ಸ್ಟೇಷನ್ನಿಗೆ ನಡೆಯುವಾಗ ಹೈ ಸ್ಟ್ರೀಟಿನಲ್ಲಿ ಅಂಗಡಿ ಕಿಟಕಿಯ ಪರೀಕ್ಷೆ ಮಾಡಿದೆವು. ನಾಲ್ಕು ಅಂಗಡಿ, ಒಂದೊಂದಕ್ಕೆ ಒಂದು ನಿಮಿಷ, ಗಡಿಯಾರ ಅವಳ ಕೈಯಲ್ಲಿ. ಹಳೆ ಸಾಮಾನಿನ ಅಂಗಡಿಯನ್ನು ಆರಿಸಿಕೊಂಡೆವು. ನಾನು 11 ವಸ್ತು ಹೇಳಿದೆ: ನೀಲಿ ಟೀ ಪಾಟ್, ಎರಡು ಹುಲ್ಲಿನ ಟೋಪಿ, ದೀಪಸ್ತಂಭದ ಚಿತ್ರದ ಡಬ್ಬಿ, ಹೀಗೆ. ಮೊಮ್ಮಗಳು 14 ಹೇಳಿದಳು. ಹಿಂದೆ ಹೋಗಿ ಎಣಿಸಿ ನೋಡಿದೆವು. ಮೂಲೆಯಲ್ಲಿ ಮಡಚಿ ಇಟ್ಟಿದ್ದ ಕೆಂಪು ಕೊಡೆ ನನಗೆ ಕಂಡೇ ಇರಲಿಲ್ಲ.